ತಿಂಗಳು ತಪ್ಪಿದರೆ ಮೊದಲು ಕಾರಣ ತಿಳಿಯಬೇಕು, ಮಾತ್ರೆ ಆಮೇಲೆ

ಮಾನ್ಯ ಸಂಪಾದಕರೇ,

ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಾಗಿನಿಂದ, ಮುಟ್ಟಿನ ನೋವು, ಅತಿಯಾದ ಸ್ರಾವ, ಕೆಲಸದ ಜಾಗದ ಶೌಚಾಲಯ ಮುಂತಾದ ಸಂಗತಿಗಳನ್ನು ಕನ್ನಡ ಪತ್ರಿಕೆಗಳಲ್ಲಿ ಸಂಕೋಚವಿಲ್ಲದೆ ಬರೆಯುವ ವಾತಾವರಣ ಮೂಡಿದೆ. ನನ್ನಂಥವರಿಗೆ ಇದು ಬಹಳ ಸಂತೋಷದ ಸಂಗತಿ. ಆದರೆ ಬರುವ ಮುಟ್ಟಿನ ಕಷ್ಟಗಳಿಗೆ ಸಿಕ್ಕ ಜಾಗ ಬಾರದೆ ನಿಂತ ಮುಟ್ಟಿಗೆ ಇನ್ನೂ ಸಿಕ್ಕಿಲ್ಲ. ಉತ್ತರ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ತಜ್ಞೆಯಾಗಿ ಬಹುಕಾಲ ದುಡಿದು ನಿವೃತ್ತಳಾಗಿರುವ ನಾನು ಆ ವಿಷಯವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೂ ವಿಷಯದ ಮಹತ್ವವನ್ನು ಗಮನಿಸಿ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಹೇಳಬೇಕಾದ ಮಾತು ಒಂದೇ. ತಿಂಗಳು ತಪ್ಪಿದ ಹೆಣ್ಣುಮಗಳ ಕೈಗೆ ಮುಟ್ಟು ಬರಿಸುವ ಮಾತ್ರೆ ಇಡುವ ಮೊದಲು, ಅದು ಏಕೆ ತಪ್ಪಿತು ಎಂದು ಯಾರಾದರೂ ಕೇಳಲೇಬೇಕು. ಈಗ ನಮ್ಮ ಊರುಗಳಲ್ಲಿ ಆ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತಿದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಎಂಟು ಹತ್ತು ದಿನ ತಡವಾದರೆ ಮನೆಯಲ್ಲಿ ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿ ಕೊಡುತ್ತಾರೆ, ಪಪ್ಪಾಯಿ ತಿನ್ನಿಸುತ್ತಾರೆ. ಎಳ್ಳುಂಡೆಯಿಂದ ಕೆಡುಕೇನೂ ಇಲ್ಲ, ಒಳ್ಳೆಯ ತಿನಿಸೇ. ಆದರೆ ನಿಂತ ಮುಟ್ಟು ಅದರಿಂದ ಮರಳುವುದಿಲ್ಲ. ಆಮೇಲೆ ಮನೆಯವರಲ್ಲಿ ಒಬ್ಬರು ಮೆಡಿಕಲ್ ಶಾಪ್‌ಗೆ ಹೋಗಿ, ಬೇರೆ ಗಿರಾಕಿಗಳು ಸರಿಯುವವರೆಗೆ ಕಾದು ನಿಂತು, ದನಿ ತಗ್ಗಿಸಿ, 'ಡೇಟ್ ಆಗಿಲ್ರಿ, ಆಗೂ ಗುಳಿಗಿ ಕೊಡ್ರಿ' ಎನ್ನುತ್ತಾರೆ. ಯಾರಿಗೆ, ವಯಸ್ಸೆಷ್ಟು, ಮದುವೆಯಾಗಿದೆಯೇ, ಎಷ್ಟು ದಿನವಾಯಿತು ಎಂಬ ಒಂದು ಪ್ರಶ್ನೆಯೂ ಇಲ್ಲದೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಥವಾ ನಾರೆಥಿಸ್ಟೆರಾನ್ ಮಾತ್ರೆಗಳನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಇವು ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಹಾರ್ಮೋನ್ ಮಾತ್ರೆಗಳು. ಐದಾರು ದಿನ ನುಂಗಿ ಬಿಟ್ಟ ಮೇಲೆ ವಾರದೊಳಗೆ ರಕ್ತ ಕಂಡರೆ ಮನೆಯವರೆಲ್ಲ ನಿರಾಳರಾಗುತ್ತಾರೆ. ಮುಂದಿನ ತಿಂಗಳು ಮತ್ತೆ ನಿಂತರೆ ಮತ್ತೆ ಅದೇ ಅಂಗಡಿ. ಹೀಗೆ ಎರಡು ಮೂರು ವರ್ಷ ಕಳೆದು, ಹೊಸ ಮದುವೆಯಾಗಿ ಮಕ್ಕಳಾಗಲಿಲ್ಲ ಎಂಬ ದೂರಿನೊಂದಿಗೆ ಮೊದಲ ಬಾರಿ ವೈದ್ಯರ ಮುಂದೆ ಕುಳಿತ ಹೆಣ್ಣುಮಕ್ಕಳನ್ನು ನಾನು ಬಹಳ ಕಂಡಿದ್ದೇನೆ.

ಈ ಮಾತ್ರೆ ಮಾಡುವ ಕೆಲಸ ಏನೆಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಸಹಜ ಚಕ್ರದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಹುಟ್ಟುವ ಪ್ರೊಜೆಸ್ಟರಾನ್ ಆ ಪದರವನ್ನು ಹಿಡಿದಿಡುತ್ತದೆ. ಬಸಿರು ನಿಲ್ಲದಿದ್ದರೆ ಸುಮಾರು ಎರಡು ವಾರದಲ್ಲಿ ಪ್ರೊಜೆಸ್ಟರಾನ್ ಇಳಿದು ಪದರ ಕಳಚಿ ಹೊರಬರುತ್ತದೆ. ಅಂಗಡಿಯ ಮಾತ್ರೆಯಲ್ಲಿರುವುದು ಪ್ರೊಜೆಸ್ಟರಾನ್‌ನಂತೆ ವರ್ತಿಸುವ ವಸ್ತು (ಪ್ರೊಜೆಸ್ಟೊಜೆನ್). ಅದನ್ನು ಕೆಲವು ದಿನ ಕೊಟ್ಟು ನಿಲ್ಲಿಸಿದಾಗ ಒಳಪದರ ಕಳಚುತ್ತದೆ, ಅಷ್ಟೇ. ಅಂಡಾಶಯ ಅಂಡ ಬಿಟ್ಟಿತೆಂದಾಗಲಿ, ಥೈರಾಯ್ಡ್ ಸರಿಯಾಯಿತೆಂದಾಗಲಿ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ದೋಷವಿಲ್ಲವೆಂದಾಗಲಿ ಆ ರಕ್ತ ಹೇಳುವುದಿಲ್ಲ. ಮಾತ್ರೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಾನೂ ಅದನ್ನು ಧಾರಾಳವಾಗಿ ಬರೆದಿದ್ದೇನೆ, ಯಾರಿಗೆ ಅದು ಅಗತ್ಯವೆಂಬುದನ್ನು ಮುಂದೆ ಹೇಳುತ್ತೇನೆ. ಕಾರಣ ತಿಳಿಯದೆ ಕೊಡುವುದಷ್ಟೇ ನನ್ನ ಆಕ್ಷೇಪ. ಒಂದು ಕಾಲಕ್ಕೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ಬೆರೆಸಿದ ಮಾತ್ರೆ, ಇಂಜೆಕ್ಷನ್‌ಗಳನ್ನು ಬಸಿರು ಇದೆಯೋ ಇಲ್ಲವೋ ನೋಡಲು ನಮ್ಮ ದೇಶದಲ್ಲಿ ಕೊಡುತ್ತಿದ್ದರು. ರಕ್ತ ಕಂಡರೆ ಬಸಿರಿಲ್ಲ ಎಂದು ಲೆಕ್ಕ. ಹುಟ್ಟುವ ಮಗುವಿನಲ್ಲಿ ಊನವಾಗಬಹುದೆಂಬ ಆತಂಕದಿಂದ ಮಹಿಳಾ ಸಂಘಟನೆಗಳೂ ಆರೋಗ್ಯ ಕಾರ್ಯಕರ್ತರೂ ವರ್ಷಗಟ್ಟಲೆ ಹೋರಾಡಿದ ಮೇಲೆ 1988ರಲ್ಲಿ ಕೇಂದ್ರ ಸರ್ಕಾರ ಅವುಗಳನ್ನು ನಿಷೇಧಿಸಿತು. ಔಷಧ ಹೋಯಿತು, ತಡವಾದರೆ ಒಂದು ಮಾತ್ರೆ ನುಂಗಿ ನೋಡೋಣ ಎಂಬ ರೂಢಿ ಮಾತ್ರ ಹಾಗೆಯೇ ಉಳಿಯಿತು.

ತಪ್ಪದೆ ಮುಟ್ಟಾಗುತ್ತಿದ್ದವಳಿಗೆ ಒಮ್ಮೆಲೇ ತಿಂಗಳು ತಪ್ಪಿದರೆ ಮೊದಲು ನೋಡಬೇಕಾದದ್ದು ಬಸಿರು. ಇದು ಎಲ್ಲರಿಗೂ ತಿಳಿದದ್ದೇ ಎನ್ನಿಸಬಹುದು, ಆದರೂ ಇದನ್ನೇ ನೋಡದೆ ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಂದು ಸಾವಿರಾರು ರೂಪಾಯಿ ಖರ್ಚು ಮಾಡಿಸಿದ ಉದಾಹರಣೆಗಳಿವೆ. ಮುಟ್ಟು ಬರಬೇಕಾದ ದಿನ ದಾಟಿದ ಮೇಲೆ ಬೆಳಗಿನ ಮೊದಲ ಮೂತ್ರದ ಕೆಲವು ಹನಿಗಳನ್ನು ಕಿಟ್‌ನ ಗುಂಡಿಗೆ ಹಾಕಿ ಐದು ನಿಮಿಷ ಕಾದರೆ ಉತ್ತರ ಸಿಗುತ್ತದೆ. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಅದು ಕಾಣದೇ ಹೋಗಬಹುದು. ಸರ್ಕಾರದ 'ನಿಶ್ಚಯ್' ಕಿಟ್ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ಹಾಲೂಡಿಸುವ ತಾಯಂದಿರು ಇದನ್ನು ಮರೆಯಬಾರದು. ಮಗುವಿಗೆ ಆರು ತಿಂಗಳು ತುಂಬುವವರೆಗೆ, ಹಗಲೂ ರಾತ್ರಿ ಎದೆಹಾಲನ್ನಷ್ಟೇ ಕೊಡುತ್ತಿದ್ದು, ಮುಟ್ಟು ಮರಳದಿದ್ದರೆ ಬಸಿರು ನಿಲ್ಲುವ ಸಾಧ್ಯತೆ ಬಹಳ ಕಡಿಮೆ ಎಂಬುದು ನಿಜ. ಈ ಮೂರರಲ್ಲಿ ಒಂದು ತಪ್ಪಿದರೂ ಆ ರಕ್ಷಣೆ ಸಡಿಲವಾಗುತ್ತದೆ. ಹೆರಿಗೆಯ ನಂತರದ ಮೊದಲ ಮುಟ್ಟು ಬರುವ ಮುನ್ನವೇ ಅಂಡ ಬಿಡುಗಡೆಯಾಗಿ ಮತ್ತೆ ಬಸಿರಾದವರು ಪ್ರತಿ ಊರಿನಲ್ಲೂ ಇದ್ದಾರೆ.

'ನನಗೆ ಮಕ್ಕಳಾಗದ ಆಪರೇಷನ್ ಆಗಿದೆ', 'ವಂಕಿ (ಕಾಪರ್-ಟಿ) ಹಾಕಿಸಿದ್ದೇನೆ' ಎನ್ನುವವರಲ್ಲಿ ಬಸಿರು ಅಪರೂಪ. ಆದರೆ ಆ ಅಪರೂಪದ ಬಸಿರು ಗರ್ಭಕೋಶದ ಹೊರಗೆ, ಅಂಡ ಸಾಗುವ ನಾಳದಲ್ಲಿ ನಿಂತಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ತಿಂಗಳು ತಪ್ಪಿದವಳಿಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು, ಚುಕ್ಕೆಚುಕ್ಕೆಯಾಗಿ ರಕ್ತ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಾಣಿಸಿಕೊಂಡರೆ ಬೆಳಗಾಗಲಿ ಎಂದು ಕಾಯಬಾರದು. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬಿ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ. ಅಂಗಡಿಯಲ್ಲಿ ಗುಟ್ಟಾಗಿ ಕೊಳ್ಳುವ ಗರ್ಭಪಾತದ ಮಾತ್ರೆ ಅತಿ ಅಪಾಯಕಾರಿಯಾಗುವುದು ಇಲ್ಲಿಯೇ. ಅದು ನಾಳದ ಬಸಿರನ್ನು ತೆಗೆಯುವುದಿಲ್ಲ, ಆದರೆ ನೋವೂ ರಕ್ತವೂ ಮಾತ್ರೆಯಿಂದಲೇ ಬಂದವೆಂದು ಮನೆಯವರು ನಂಬಿ ಸುಮ್ಮನಿರುವಂತೆ ಮಾಡುತ್ತದೆ.

ಮದುವೆಯಾಗದ ಹುಡುಗಿಯ ವಿಷಯದಲ್ಲಿ ಬಸಿರಿನ ಪ್ರಶ್ನೆ ಕೇಳಲು ವೈದ್ಯರೇ ಹಿಂಜರಿಯುತ್ತಾರೆ, ಕೇಳಿದರೆ ತಾಯಿ ಸಿಟ್ಟಾಗುತ್ತಾಳೆ. ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕೂರಿಸಿಕೊಂಡು, ಎಲ್ಲರನ್ನೂ ಕೇಳುವಂತೆ ನಿನ್ನನ್ನೂ ಕೇಳುತ್ತಿದ್ದೇನೆ ಎಂದು ಹೇಳಿ ಕೇಳಿದರೆ ಬಹುತೇಕ ಮಕ್ಕಳು ನಿಜವನ್ನೇ ಹೇಳುತ್ತಾರೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು; ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಈ ಕಾನೂನು ಅವಿವಾಹಿತೆಯರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಹುಡುಗಿಗೆ 18 ತುಂಬಿಲ್ಲದಿದ್ದರೆ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ಮಾಹಿತಿ ಕೊಡಲೇಬೇಕು. ಆದರೆ ಹುಡುಗಿಯೂ ಪೋಷಕರೂ ಕೋರಿದರೆ ಅವಳ ಗುರುತನ್ನು ಆ ವರದಿಯಲ್ಲಿ ಬಹಿರಂಗಪಡಿಸಬೇಕಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಭಯದಿಂದ ಅಂಗಡಿ ಮಾತ್ರೆ ನುಂಗುವ ಮಕ್ಕಳಿಗೆ, ಅವರ ತಾಯಂದಿರಿಗೆ ಈ ವಿಷಯ ತಿಳಿದಿರಬೇಕು.

ಬಸಿರಿಲ್ಲವೆಂದು ಖಚಿತವಾದ ಮೇಲೆ, ಎಷ್ಟು ತಡವಾದರೆ ಚಿಂತಿಸಬೇಕು ಎಂಬ ಪ್ರಶ್ನೆ. ದೊಡ್ಡವರಲ್ಲಿ 21ರಿಂದ 35 ದಿನಗಳ ಅಂತರ ಸಹಜ. ಮೈನೆರೆದ ಮೊದಲ ಎರಡು ಮೂರು ವರ್ಷಗಳಲ್ಲಿ 45 ದಿನಗಳವರೆಗೂ ಹೋಗಬಹುದು. ವರ್ಷಕ್ಕೊಮ್ಮೆ ಹತ್ತು ಹದಿನೈದು ದಿನ ಹೆಚ್ಚು ಕಡಿಮೆಯಾದರೆ, ಜ್ವರವೋ ಪ್ರಯಾಣವೋ ಮನೆಯಲ್ಲೊಂದು ಸಾವೋ ಕಾರಣವಾಗಿರಬಹುದು, ಮುಂದಿನ ತಿಂಗಳು ತಾನೇ ಸರಿಹೋಗುತ್ತದೆ. ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ಸತತವಾಗಿ ಬಾರದಿದ್ದರೆ, ಮೊದಲಿನಿಂದಲೂ ಏರುಪೇರಾಗಿದ್ದವಳಿಗೆ ಆರು ತಿಂಗಳು ನಿಂತರೆ, ಕಾರಣ ಹುಡುಕಲೇಬೇಕು. ಬಾರದ ರಕ್ತ ಒಳಗೇ ಕೂಡಿಕೊಂಡು ಮೈಗೇರುತ್ತದೆ, ಅದರಿಂದಲೇ ದಪ್ಪಗಾಗುತ್ತಾರೆ ಎಂಬ ನಂಬಿಕೆಯನ್ನು ಬಿಡಬೇಕು. ಒಳಪದರ ಬೆಳೆಯದಿದ್ದರೆ ಕಳಚುವುದಕ್ಕೆ ರಕ್ತವೇ ಇರುವುದಿಲ್ಲ. ಹಾಗೆಯೇ 'ಮೈಯಲ್ಲಿ ರಕ್ತವಿಲ್ಲ, ಅದಕ್ಕೇ ಮುಟ್ಟು ನಿಂತಿದೆ' ಎಂಬ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ; ಅವರಲ್ಲಿ ಬಹುಪಾಲು ಜನ ತಿಂಗಳು ತಿಂಗಳು ಮುಟ್ಟಾಗುತ್ತಲೇ ಇದ್ದಾರೆ. ರಕ್ತಹೀನತೆ ಇದ್ದರೆ ಕಬ್ಬಿಣದ ಮಾತ್ರೆ ಕೊಡಬೇಕು, ಆದರೆ ಮುಟ್ಟು ನಿಂತ ಕಾರಣವನ್ನು ಅದರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಾರದು.

ಈಗ ಎಲ್ಲರ ಬಾಯಲ್ಲೂ ಇರುವ 'ಪಿಸಿಓಡಿ'ಗೆ ಬರುತ್ತೇನೆ. ಅಂಡಾಶಯದಲ್ಲಿ ಸಣ್ಣ ಸಣ್ಣ ಅಂಡಕೋಶಗಳು ಅರ್ಧ ಬೆಳೆದು ನಿಂತು, ಅಂಡ ಬಿಡುಗಡೆಯಾಗದೆ, ಗಂಡು ಹಾರ್ಮೋನಿನ ಅಂಶ ಹೆಚ್ಚಾಗುವ ಸ್ಥಿತಿ ಇದು. ಹೆರುವ ವಯಸ್ಸಿನಲ್ಲಿ, ಬಸಿರನ್ನು ಬಿಟ್ಟರೆ, ಮುಟ್ಟು ತಪ್ಪಲು ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು. ಇದನ್ನು ಗುರುತಿಸಲು 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿಕೊಂಡ ಮಾನದಂಡವೇ ಈಗಲೂ ಆಧಾರ: ಮುಟ್ಟಿನ ಏರುಪೇರು, ಗಂಡು ಹಾರ್ಮೋನ್ ಹೆಚ್ಚಿರುವ ಲಕ್ಷಣ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ಸ್ವರೂಪ ಈ ಮೂರರಲ್ಲಿ ಎರಡಾದರೂ ಇರಬೇಕು, ಮತ್ತು ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರುಪೇರಿನಂಥ ಬೇರೆ ಕಾರಣಗಳಿಲ್ಲವೆಂದು ನೋಡಿರಬೇಕು. ನಮ್ಮಲ್ಲಿ ಆಗುತ್ತಿರುವುದೇ ಬೇರೆ. ಹದಿನಾಲ್ಕು ವರ್ಷದ ಹುಡುಗಿಗೆ ಎರಡು ತಿಂಗಳು ಮುಟ್ಟು ತಪ್ಪಿದೊಡನೆ ಸ್ಕ್ಯಾನಿಂಗ್ ಮಾಡಿಸಿ, 'ನೀರುಗುಳ್ಳೆ ಇವೆ' ಎಂದು ಬರೆದು, ಅವಳನ್ನು ಜೀವಮಾನದ ರೋಗಿಯನ್ನಾಗಿ ಮಾಡುತ್ತಾರೆ. ಆ ವಯಸ್ಸಿನಲ್ಲಿ ಆರೋಗ್ಯವಂತ ಹುಡುಗಿಯರ ಅಂಡಾಶಯವೂ ಹಾಗೆಯೇ ಕಾಣಬಹುದು. ಮೈನೆರೆದು ಎಂಟು ವರ್ಷ ಕಳೆಯುವವರೆಗೆ ಸ್ಕ್ಯಾನಿಂಗ್ ನೋಡಿ ಈ ನಿರ್ಣಯಕ್ಕೆ ಬರಬಾರದೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಇವಳಿಗೆ ಮಕ್ಕಳಾಗುತ್ತವೆಯೇ ಎಂದು ಊರೂರು ಸುತ್ತುವ ತಾಯಂದಿರ ಮುಖ ನೋಡುವುದು ಬಹಳ ಸಂಕಟದ ಕೆಲಸ.

ಇನ್ನೊಂದು ಕಡೆ, ನಿಜವಾಗಿ ಈ ತೊಂದರೆ ಇರುವವರು ಮದುವೆಯಾದ ಮೇಲೆ ನೋಡೋಣವೆಂದು ಬಿಟ್ಟುಬಿಡುತ್ತಾರೆ. ಕೆನ್ನೆ, ಗಲ್ಲದ ಮೇಲೆ ಒರಟು ಕೂದಲು, ಹೋಗದ ಮೊಡವೆ, ಕುತ್ತಿಗೆಯ ಹಿಂದೆ ತೊಳೆದರೂ ಹೋಗದ ಕಪ್ಪು ಮಡಿಕೆ, ಸೊಂಟದ ಸುತ್ತ ಏರುವ ತೂಕ ಇವು ಅದರ ಗುರುತುಗಳು. ಇಂಥವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚಾಗಿರುವುದರಿಂದ ರಕ್ತದ ಸಕ್ಕರೆ ನೋಡಲೇಬೇಕು. ಮುಖ್ಯವಾಗಿ, ಇವರಲ್ಲಿ ಈಸ್ಟ್ರೊಜೆನ್ ಇದೆ, ಅದನ್ನು ಹದ್ದಿನಲ್ಲಿಡುವ ಪ್ರೊಜೆಸ್ಟರಾನ್ ಇಲ್ಲ. ಒಳಪದರ ಕಳಚದೆ ತಿಂಗಳುಗಟ್ಟಲೆ ದಪ್ಪಗಾಗುತ್ತ ಹೋಗಿ, ಬಹುಕಾಲದ ಮೇಲೆ ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ದಾರಿಯಾಗಬಹುದು. ಮೂರು ತಿಂಗಳಿಗೊಮ್ಮೆಯೂ ಮುಟ್ಟಾಗದ ಇಂಥವರಿಗೇ ಆ ಪ್ರೊಜೆಸ್ಟರಾನ್ ಮಾತ್ರೆ ಅಥವಾ ಇತರ ಹಾರ್ಮೋನ್ ಚಿಕಿತ್ಸೆ ನಿಜಕ್ಕೂ ಬೇಕಾದದ್ದು. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತು ಭಾಗದಷ್ಟು ಇಳಿಸಿಕೊಂಡರೆ ಅನೇಕರಲ್ಲಿ ಮುಟ್ಟು ತಾನಾಗಿ ಮರಳುತ್ತದೆ.

ಅದೇ ಹೊತ್ತಿಗೆ, ತೂಕ ಇಳಿದದ್ದರಿಂದಲೇ ಮುಟ್ಟು ನಿಲ್ಲುವವರೂ ಇದ್ದಾರೆ. ತಿಂದದ್ದಕ್ಕಿಂತ ಹೆಚ್ಚು ಶಕ್ತಿ ಖರ್ಚಾಗುತ್ತಿದ್ದರೆ, ಅಥವಾ ಮನಸ್ಸು ಬಹುಕಾಲ ಒತ್ತಡದಲ್ಲಿದ್ದರೆ, ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿಗೆ ಕಳಿಸುವ ಸಂಕೇತವನ್ನು ತಗ್ಗಿಸುತ್ತದೆ, ಅಂಡಾಶಯ ಸುಮ್ಮನಾಗುತ್ತದೆ. ಓಟಗಾರ್ತಿಯರಲ್ಲಿ, ಕಬಡ್ಡಿ ಆಡುವ ಹುಡುಗಿಯರಲ್ಲಿ, ದಪ್ಪಗಾದೆನೆಂಬ ಭಯದಿಂದ ಊಟ ಬಿಡುವವರಲ್ಲಿ ಇದನ್ನು ಕಾಣುತ್ತೇವೆ. ದ್ವಿತೀಯ ಪಿಯುಸಿ ಓದುತ್ತ ನೀಟ್, ಸಿಇಟಿಗೆ ತಯಾರಾಗುವ ಹಾಸ್ಟೆಲ್ ಹುಡುಗಿಯರಲ್ಲಿ ನಾನು ಕಂಡಷ್ಟು ಬೇರೆಲ್ಲೂ ಕಾಣಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ತಿಂಡಿಯ ಹೊತ್ತಿಗೆ ತರಗತಿಗೆ ಓಡಿ, ಮಧ್ಯಾಹ್ನ ಅನ್ನ ಸಾರು ನಾಲ್ಕು ತುತ್ತು ತಿಂದು, ರಾತ್ರಿ ಬಿಸ್ಕೀಟಿನ ಮೇಲೆ ಓದುವ ಮಗುವಿಗೆ ಮೂರು ತಿಂಗಳಲ್ಲಿ ಆರು ಕಿಲೋ ಇಳಿದಿರುತ್ತದೆ, ಅದನ್ನು ಯಾರೂ ತೂಗಿರುವುದಿಲ್ಲ. ಇಂಥವಳಿಗೆ ಅಂಗಡಿ ಮಾತ್ರೆ ಕೊಟ್ಟರೆ ಹಲವು ಬಾರಿ ರಕ್ತವೇ ಬರುವುದಿಲ್ಲ, ಏಕೆಂದರೆ ಕಳಚಲು ಪದರವೇ ಬೆಳೆದಿರುವುದಿಲ್ಲ. ಈಸ್ಟ್ರೊಜೆನ್ ಕಡಿಮೆಯಾದರೆ ಮೂಳೆಯ ಗಟ್ಟಿತನವೂ ಕುಗ್ಗುತ್ತದೆ, ಅದೂ ಮೂಳೆ ಬಲಿಯಬೇಕಾದ ವಯಸ್ಸಿನಲ್ಲೇ. ಇವಳಿಗೆ ಬೇಕಾದ ಮದ್ದು ಹೊತ್ತಿಗೆ ಸರಿಯಾದ ಊಟ, ನಿದ್ದೆ, ಅಂಕಗಳ ಬಗ್ಗೆ ಮನೆಯವರ ಸ್ವಲ್ಪ ಸಹನೆ. ಕಾಲೇಜು ನಡೆಸುವವರು ಇದನ್ನು ತಮ್ಮ ಹೊಣೆಯೆಂದೇ ತಿಳಿಯಬೇಕು.

ಥೈರಾಯ್ಡ್ ಕೊರತೆಯಿಂದ ಮುಟ್ಟು ಹೆಚ್ಚೂ ಆಗಬಹುದು, ನಿಲ್ಲಲೂಬಹುದು. ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆ ಸಾಕು, ಚಿಕಿತ್ಸೆ ಸುಲಭ. ಇದಕ್ಕಿಂತ ಜನರಿಗೆ ಕಡಿಮೆ ತಿಳಿದಿರುವುದು ಪ್ರೊಲ್ಯಾಕ್ಟಿನ್. ಎದೆಹಾಲು ಬರಿಸುವ ಈ ಹಾರ್ಮೋನ್ ಬಾಣಂತಿಯಲ್ಲದ ಸಮಯದಲ್ಲಿ ಏರಿದರೆ ಮುಟ್ಟು ನಿಲ್ಲುತ್ತದೆ, ಕೆಲವರಿಗೆ ಎದೆಯಿಂದ ಹಾಲಿನಂಥ ದ್ರವ ಒಸರುತ್ತದೆ. ಪಿಟ್ಯುಟರಿಯಲ್ಲಿ ಸಣ್ಣ ಗಡ್ಡೆ ಇದ್ದರೆ ಹೀಗಾಗಬಹುದು. ಇವು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಮಾತ್ರೆಗೇ ಬಗ್ಗುತ್ತವೆ. ಬಿಡದ ತಲೆನೋವಿನೊಂದಿಗೆ ಪಕ್ಕದ ನೋಟ ಮಸುಕಾದರೆ ಮಾತ್ರ ತಡಮಾಡಬಾರದು. ಆದರೆ ನಮ್ಮಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಬೇರೆಯೇ ಇದೆ: ಗ್ಯಾಸ್ ಮಾತ್ರೆ. ಎದೆಯುರಿ, ಹೊಟ್ಟೆಯುಬ್ಬರಕ್ಕೆ ಕೊಡುವ ಅನೇಕ ಕ್ಯಾಪ್ಸೂಲ್‌ಗಳಲ್ಲಿ ಆಮ್ಲ ತಗ್ಗಿಸುವ ಔಷಧದ ಜೊತೆಗೆ ಲೆವೊಸಲ್ಪಿರೈಡ್ ಅಥವಾ ಡಾಂಪೆರಿಡೋನ್ ಬೆರೆತಿರುತ್ತದೆ, ಇವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮೂವತ್ತೆರಡರ ಒಬ್ಬ ಹೆಣ್ಣುಮಗಳು ಐದು ತಿಂಗಳಿನಿಂದ ಮುಟ್ಟಿಲ್ಲವೆಂದು, ತಲೆಯ ಸ್ಕ್ಯಾನಿಂಗ್‌ಗೆ ಹಣ ಹೊಂದಿಸಿಕೊಂಡೇ ಬಂದಿದ್ದಳು. ಏನಾದರೂ ಮಾತ್ರೆ ತಗೊಳ್ಳುತ್ತೀಯಾ ಎಂದರೆ ಇಲ್ಲವೆಂದಳು. ಚೀಲದಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಇಡು ಎಂದಾಗ, ಪರ್ಸ್‌ನ ಬದಿಯ ಜೇಬಿನಿಂದ ಅರ್ಧ ಖಾಲಿಯಾದ ಕ್ಯಾಪ್ಸೂಲ್ ಪಟ್ಟಿಯೊಂದು ಹೊರಬಿತ್ತು. 'ಇದು ಗ್ಯಾಸಿಂದ್ರಿ ಮೇಡಂ, ಔಷಧ ಅಲ್ಲ' ಎಂದಳು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಲೆವೊಸಲ್ಪಿರೈಡ್ ಎಂದಿತ್ತು. ದಿನಕ್ಕೊಂದರಂತೆ ಅಂಗಡಿಯಿಂದಲೇ ತಂದು ನುಂಗುತ್ತಿದ್ದಳು. ಅದನ್ನು ಬಿಡಿಸಿದ ಮೇಲೆ ಪ್ರೊಲ್ಯಾಕ್ಟಿನ್ ಇಳಿಯಿತು, ಮುಟ್ಟೂ ಮರಳಿತು. ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್‌ನಂಥ ಕೆಲವು ಔಷಧಗಳಿಂದಲೂ ಹೀಗಾಗುತ್ತದೆ. ಅವುಗಳನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೇ ವಿಷಯ ತಿಳಿಸಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಬಸಿರು ತಡೆಯಲು ಕೊಡುತ್ತಿರುವ 'ಅಂತರ' ಇಂಜೆಕ್ಷನ್ ಮತ್ತು 'ಛಾಯಾ' ಮಾತ್ರೆಯ ಬಗ್ಗೆ ಎರಡು ಮಾತು. ಮೂರು ತಿಂಗಳಿಗೊಮ್ಮೆ ಪಡೆಯುವ 'ಅಂತರ'ದಿಂದ ವರ್ಷದೊಳಗೆ ಸುಮಾರು ಅರ್ಧದಷ್ಟು ಮಹಿಳೆಯರಿಗೆ ಮುಟ್ಟು ನಿಲ್ಲುತ್ತದೆ. ಒಳಪದರ ತೆಳುವಾಗುವುದರಿಂದ ಹಾಗಾಗುತ್ತದೆಯೇ ಹೊರತು ರೋಗದಿಂದಲ್ಲ, ಇಂಜೆಕ್ಷನ್ ಬಿಟ್ಟ ಕೆಲವು ತಿಂಗಳಲ್ಲಿ ಮರಳುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಹಾರ್ಮೋನ್ ಅಲ್ಲದ 'ಛಾಯಾ'ದಿಂದ ಮೊದಲ ತಿಂಗಳುಗಳಲ್ಲಿ ಮುಟ್ಟು ತಡವಾಗುವುದುಂಟು. ಹದಿನೈದು ದಿನಕ್ಕಿಂತ ಹೆಚ್ಚು ತಡವಾದರೆ ಬಸಿರಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಮಾತನ್ನು ಮೊದಲ ದಿನವೇ ಹೇಳಿ ಕಳಿಸಿದರೆ ಎಷ್ಟೋ ಮಹಿಳೆಯರು ಗಾಬರಿಯಾಗಿ ನಡುವೆ ಬಿಡುವುದಿಲ್ಲ.

ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲು ಬಾರದೆ, ಮುಟ್ಟೂ ಮರಳದೆ ಹೋದವರ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ರಕ್ತದೊತ್ತಡ ಕುಸಿದಾಗ ಪಿಟ್ಯುಟರಿಗೆ ರಕ್ತ ಸಾಲದೆ ಅದರ ಭಾಗ ಸತ್ತುಹೋಗುತ್ತದೆ. ಬ್ರಿಟಿಷ್ ವೈದ್ಯ ಶೀಹನ್ 1937ರಲ್ಲಿ ವಿವರಿಸಿದ ಈ ಸ್ಥಿತಿ ಶ್ರೀಮಂತ ದೇಶಗಳಲ್ಲಿ ಅಪರೂಪವಾದರೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. 'ಆ ಮಗು ಹುಟ್ಟಿದ ಮೇಲೆ ನಾನು ಮೊದಲಿನ ಹಾಗೆ ಆಗಲೇ ಇಲ್ಲ' ಎನ್ನುತ್ತಾರೆ. ಸದಾ ಆಯಾಸ, ಚಳಿ ತಡೆಯದಿರುವುದು, ಕಂಕುಳ ಕೂದಲು ಉದುರುವುದು, ಮಾತು ನಿಧಾನವಾಗುವುದು ಇವನ್ನೆಲ್ಲ ಬಾಣಂತನ ಸರಿಯಾಗಲಿಲ್ಲ ಎಂಬ ಒಂದೇ ಮಾತಿನಲ್ಲಿ ಮುಗಿಸಿ ಹತ್ತಾರು ವರ್ಷ ಕಳೆದಿರುತ್ತಾರೆ. ಒಂದು ದಿನ ಸಾದಾ ಜ್ವರವೋ ವಾಂತಿಭೇದಿಯೋ ಬಂದು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುತ್ತಾರೆ. ಸ್ಟೀರಾಯ್ಡ್, ಆಮೇಲೆ ಥೈರಾಯ್ಡ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿತ್ಯ ತೆಗೆದುಕೊಂಡರೆ ಇವರು ಮತ್ತೆ ಬದುಕಿಗೆ ಮರಳುವುದನ್ನು ಕಣ್ಣಾರೆ ಕಂಡಿದ್ದೇನೆ. ಹೆರಿಗೆಯ ನಂತರ ಮುಟ್ಟು ಬಂತೇ ಎಂಬ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಅಷ್ಟು ವರ್ಷ ಹಾಳಾಗುತ್ತಿರಲಿಲ್ಲ.

ಪದೇಪದೇ ಡಿ ಅಂಡ್ ಸಿ (ಗರ್ಭಕೋಶದ ಒಳಗನ್ನು ಕೆರೆದು ತೆಗೆಯುವುದು) ಮಾಡಿಸಿಕೊಂಡವರಲ್ಲಿ ಗರ್ಭಕೋಶದ ಒಳಗೋಡೆಗಳು ಅಂಟಿಕೊಳ್ಳುವುದರಿಂದ, ಕ್ಷಯರೋಗ ಗರ್ಭಕೋಶಕ್ಕೆ ತಗುಲಿ ಒಳಪದರ ನಾಶವಾಗುವುದರಿಂದಲೂ ಮುಟ್ಟು ನಿಲ್ಲುತ್ತದೆ. ಎರಡನೆಯದರಲ್ಲಿ ಕೆಮ್ಮು, ಜ್ವರ ಇರಲೇಬೇಕೆಂದಿಲ್ಲ. ಮಕ್ಕಳಿಲ್ಲವೆಂದು ಬಂದಾಗಷ್ಟೇ ತಿಳಿಯುವ ಸಂದರ್ಭಗಳೇ ಹೆಚ್ಚು.

ವಯಸ್ಸಾಗಿ ಮುಟ್ಟು ನಿಲ್ಲುವುದು ಸಹಜ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ, ಹನ್ನೆರಡು ತಿಂಗಳು ಸತತವಾಗಿ ಬಾರದಿದ್ದರೆ ನಿಂತಿದೆಯೆಂದು ಲೆಕ್ಕ. ಆ ನಡುವಿನ ಏರುಪೇರಿನ ಕಾಲದಲ್ಲಿಯೂ ಬಸಿರು ನಿಲ್ಲಬಹುದು. ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಮರಳಿ ಬಂದ ಮುಟ್ಟೆಂದು ಭಾವಿಸದೆ ಪರೀಕ್ಷೆಗೆ ಬರಬೇಕು. ಆದರೆ ನಲವತ್ತಕ್ಕಿಂತ ಮುಂಚೆ ನಿಂತರೆ 'ಒಳ್ಳೆಯದೇ ಆಯಿತು, ಪೀಡೆ ಕಳೆಯಿತು' ಎನ್ನಬಾರದು. ಅಂಡಾಶಯ ಅಕಾಲದಲ್ಲಿ ಸೋತಿರಬಹುದು. ಮೂಳೆ, ಹೃದಯ ಎರಡನ್ನೂ ಕಾಪಾಡಲು ಅಂಥವರಿಗೆ ಸಾಮಾನ್ಯವಾಗಿ ಸಹಜ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ.

ಕೊನೆಯದಾಗಿ, ಮೈನೆರೆಯದೇ ಉಳಿದ ಹುಡುಗಿಯರು. ಹದಿನೈದು ತುಂಬಿದರೂ ಮುಟ್ಟಾಗದಿದ್ದರೆ, ಹದಿಮೂರು ತುಂಬಿದರೂ ಎದೆ ಬೆಳೆಯುವ ಸುಳಿವೇ ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಎದೆ ಬೆಳೆದು, ಮುಟ್ಟಾಗದೆ, ತಿಂಗಳಿಗೊಮ್ಮೆ ಕಿಬ್ಬೊಟ್ಟೆ ಹಿಂಡಿದಂತೆ ನೋವು ಬರುತ್ತಿದ್ದರೆ ಯೋನಿಯ ಬಾಗಿಲಿನ ಪೊರೆ ಮುಚ್ಚಿಕೊಂಡು ರಕ್ತ ಒಳಗೇ ನಿಂತಿರಬಹುದು. ಚಿಕ್ಕ ಶಸ್ತ್ರಕ್ರಿಯೆಯಿಂದ ಪರಿಹಾರವಿದೆ. ಕೆಲವರಲ್ಲಿ ಗರ್ಭಕೋಶವೇ ಬೆಳೆದಿರುವುದಿಲ್ಲ, ಕೆಲವರಲ್ಲಿ ವರ್ಣತಂತುವಿನ ವ್ಯತ್ಯಾಸದಿಂದ ಅಂಡಾಶಯ ಬೆಳೆದಿರುವುದಿಲ್ಲ. 'ಮದುವೆ ಮಾಡಿದರೆ ಸರಿಹೋಗುತ್ತದೆ' ಎಂದು ಹಿರಿಯರು ಹೇಳುವ ಮಾತು ಈ ಮಕ್ಕಳಿಗೆ ಮಾಡುವ ಅನ್ಯಾಯಕ್ಕೆ ಹೋಲಿಕೆಯಿಲ್ಲ. ಮದುವೆಯಿಂದ ಇದು ಸರಿಹೋಗುವುದಿಲ್ಲ. ಗಂಡನ ಮನೆಯಲ್ಲಿ ವಿಷಯ ತಿಳಿದ ದಿನ ಆ ಹುಡುಗಿ ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಮೊದಲೇ ತಿಳಿ ಹೇಳಿ, ಆಪ್ತಸಮಾಲೋಚನೆ ಮಾಡಿ, ಓದಿಸಿ ತನ್ನ ಕಾಲ ಮೇಲೆ ನಿಲ್ಲಿಸಿದ ಇಂಥ ಮಕ್ಕಳು ಇಂದು ಶಿಕ್ಷಕಿಯರಾಗಿ, ಬ್ಯಾಂಕ್ ನೌಕರರಾಗಿ ಗೌರವದಿಂದ ಬದುಕುತ್ತಿದ್ದಾರೆ.

ತಮ್ಮ ಪತ್ರಿಕೆಯ ಮೂಲಕ ಔಷಧ ವ್ಯಾಪಾರಿಗಳಲ್ಲಿ ನನ್ನ ವಿನಂತಿ: ಮುಟ್ಟು ಬರಿಸುವ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡಬೇಡಿ, ಕೇಳಿಕೊಂಡು ಬಂದವರಿಗೆ ಬಸಿರಿನ ಪರೀಕ್ಷೆಯ ಕಿಟ್ ತೋರಿಸಿ, ವೈದ್ಯರ ಬಳಿ ಕಳಿಸಿ. ವೈದ್ಯ ಮಿತ್ರರು ಚೀಟಿಯ ಮೇಲೆ ಮಾತ್ರೆಯ ಹೆಸರಿನ ಜೊತೆಗೆ, ತಾವು ಅಂದುಕೊಂಡ ಕಾರಣವನ್ನೂ ಕನ್ನಡದಲ್ಲಿ ಒಂದು ಸಾಲು ಬರೆಯಬೇಕು. ಆರೋಗ್ಯ ಇಲಾಖೆಯು ಹದಿಹರೆಯದವರಿಗಾಗಿ ನಡೆಸುವ ಸ್ನೇಹ ಕ್ಲಿನಿಕ್‌ಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಮುಟ್ಟಿನ ದಿನಾಂಕ ಬರೆದಿಡುವ ಕಾರ್ಡ್ ಹಂಚಲಿ, ತೂಕ ನೋಡುವ ವ್ಯವಸ್ಥೆ ಮಾಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟಿಎಸ್‌ಎಚ್ ಜೊತೆಗೆ ಪ್ರೊಲ್ಯಾಕ್ಟಿನ್ ಪರೀಕ್ಷೆಯನ್ನೂ ವರ್ಷವಿಡೀ ಉಚಿತವಾಗಿ ಮಾಡುವಂತಾಗಲಿ. ಈ ಒಂದು ರಕ್ತಪರೀಕ್ಷೆಗಾಗಿ ದಿನಗೂಲಿ ಬಿಟ್ಟು, ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದಾಗ ಹೆಚ್ಚಿನ ಹೆಣ್ಣುಮಕ್ಕಳು ಹೋಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸರ್ಕಾರಿ ಸ್ತ್ರೀರೋಗ ತಜ್ಞೆ,
ಗದಗ ಜಿಲ್ಲೆ